ಹಳೆಯ ಬಿರುಗಾಳಿಗಳ ಜಾಡು ಹಿಡಿಯುವುದು ಹೇಗೆ? ಲೆಮಿಂಗ್ಟನ್ ಸುತ್ತಮುತ್ತಲ ಮರಗಳು ಹೇಳುವ ಕಥೆ

ಲೆಮಿಂಗ್ಟನ್ ಸ್ಪಾ: ಚಳಿಗಾಲ ಬಂತೆಂದರೆ ಈ ದೇಶದಲ್ಲಿ ಬಿರುಗಾಳಿಗಳ ನಾಮಕರಣ ಶುರು! ಬ್ರಿಟನ್ ಮತ್ತು ಐರ್ಲೆಂಡಿನ ಹವಾಮಾನ ಇಲಾಖೆಗಳು ಸೇರಿ 2015ರಿಂದ ಗಾಳಿಗೆ ಹೆಸರಿಡುತ್ತಿವೆ. ಆರ್ವೆನ್, ಯೂನಿಸ್ ಮುಂತಾದ ಹೆಸರುಗಳು ನಮ್ಮ ಮಕ್ಕಳ ಬಾಯಲ್ಲೂ ಇವೆ. ಪ್ರತಿ ಸಲ ಬೇಲಿ ಮುರಿದಾಗ, ರೈಲು ನಿಂತಾಗ, ನಮ್ಮ ಕೂಟದ ಮಾತುಕತೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಇದಕ್ಕಿಂತ ಜೋರು ಗಾಳಿ ಹಿಂದೆ ಯಾವಾಗಲಾದರೂ ಬೀಸಿತ್ತಾ?"

ಬೀಸಿತ್ತು. ಆದರೆ ಎಷ್ಟು ಜೋರಾಗಿ ಎಂದು ಹೇಳುವುದು ಸುಲಭವಲ್ಲ. ಮಳೆಗೆ ಕೆರೆ ತುಂಬುತ್ತದೆ, ಪ್ರವಾಹಕ್ಕೆ ಸೇತುವೆಯ ಕಂಬದ ಮೇಲೆ ಗುರುತು ಉಳಿಯುತ್ತದೆ. ಗಾಳಿ ಮಾತ್ರ ಬಂದು ಹೋಗುತ್ತದೆ, ತಾನಾಗಿ ಏನನ್ನೂ ಬಿಟ್ಟು ಹೋಗುವುದಿಲ್ಲ. ಅದು ಉರುಳಿಸಿದ ಮರಗಳು, ಯಾರೋ ಬರೆದಿಟ್ಟ ಅಂಕಿ, ಇವೆರಡರಿಂದಲೇ ಮುನ್ನೂರು ವರ್ಷ ಹಿಂದಿನ ಗಾಳಿಯನ್ನು ಮತ್ತೆ ಕಟ್ಟಬೇಕು. ಇದು ಬರೀ ಕುತೂಹಲದ ಕೆಲಸವೂ ಅಲ್ಲ. ಇಂದು ಓಕ್ ಸಸಿ ನೆಡುವವನು ಅದು ಇನ್ನು ನೂರಿಪ್ಪತ್ತು ವರ್ಷ ನಿಲ್ಲಬೇಕೆಂದು ನೆಡುತ್ತಾನೆ. ರೈಲು ಸೇತುವೆ ಕಟ್ಟುವವರು, ನಮ್ಮ ಮನೆಗಳಿಗೆ ವಿಮೆ ಕೊಡುವವರು, ಎಲ್ಲರಿಗೂ ಬೇಕಾದದ್ದು ಒಂದೇ ಲೆಕ್ಕ: ಇಂಥ ಗಾಳಿ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ? ಗಾಳಿ ಅಳೆಯುವ ಯಂತ್ರಗಳು ಎಲ್ಲೆಡೆ ಬಂದು ನೂರು ವರ್ಷವೂ ಸರಿಯಾಗಿ ಆಗಿಲ್ಲ. ಹಾಗಾಗಿ ಹಳೆಯದನ್ನು ಕೆದಕದೆ ವಿಧಿಯಿಲ್ಲ.

1703: ಪಾದ್ರಿಗಳ ಪತ್ರಗಳು

ಇಂಗ್ಲೆಂಡಿನ ಬಿರುಗಾಳಿಗಳಲ್ಲಿ ಹಿರಿಯಣ್ಣ ಎಂದರೆ 1703ರದು. ಹಳೆಯ ಪಂಚಾಂಗದ ಪ್ರಕಾರ ನವೆಂಬರ್ 26ರ ರಾತ್ರಿ. ಆಗ ಇಂಗ್ಲೆಂಡ್ ಇನ್ನೂ ಹಳೆಯ ಜೂಲಿಯನ್ ಪಂಚಾಂಗದಲ್ಲೇ ಇತ್ತು. ಇಂದಿನ ಲೆಕ್ಕಕ್ಕೆ ಹನ್ನೊಂದು ದಿನ ಕೂಡಿಸಿದರೆ ಡಿಸೆಂಬರ್ 7 ಆಗುತ್ತದೆ. (ಹಳೆಯ ದಾಖಲೆ ನೋಡುವವರು ಎಡವುವುದು ಹೆಚ್ಚಾಗಿ ಇಲ್ಲೇ. ಒಂದೇ ಬಿರುಗಾಳಿಯನ್ನು ಎರಡು ಎಂದು ಎಣಿಸಿಬಿಡಬಹುದು.)

ರಾಬಿನ್ಸನ್ ಕ್ರೂಸೋ ಬರೆದ ಡೇನಿಯಲ್ ಡೆಫೋ ಹೆಸರು ನಿಮಗೆಲ್ಲ ಗೊತ್ತಿದೆ. ಆ ಕಾದಂಬರಿ ಬರೆಯುವುದಕ್ಕೆ ಬಹಳ ಮೊದಲೇ ಆತ ಒಂದು ಒಳ್ಳೆಯ ಕೆಲಸ ಮಾಡಿದ. ನಿಮ್ಮೂರಲ್ಲಿ ಏನಾಯಿತು ಎಂದು ಬರೆದು ಕಳಿಸಿ ಎಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟ. ಊರೂರಿನ ಪಾದ್ರಿಗಳೂ ಗೃಹಸ್ಥರೂ ಪತ್ರ ಬರೆದರು. ಅವನ್ನೆಲ್ಲ ಸೇರಿಸಿ 1704ರಲ್ಲಿ ‘ದಿ ಸ್ಟಾರ್ಮ್’ ಎಂಬ ಪುಸ್ತಕ ತಂದ. ಆ ಪುಸ್ತಕದಲ್ಲಿ ನಮ್ಮ ವಾರ್ವಿಕ್‌ಷೈರಿನ ಪತ್ರವೂ ಇದೆ ಎಂಬುದು ನಮಗೆ ವಿಶೇಷ. ಸದಮ್ ಹತ್ತಿರದ ಲೆಮಿಂಗ್ಟನ್ ಹೇಸ್ಟಿಂಗ್ಸ್‌ನಿಂದ ಬಂದ ಪತ್ರ ಅದು. ಚರ್ಚಿನ ಛಾವಣಿಗೆ ಹೊದಿಸಿದ್ದ ಸೀಸದ ತಗಡುಗಳು ಕಿತ್ತು ಗಾಳಿಯಲ್ಲಿ ಹಾರಿ ಹೋದವು ಎಂದು ಅದರಲ್ಲಿದೆ. ಹಂಚಲ್ಲ, ಹುಲ್ಲಲ್ಲ, ಸೀಸ! ಈ ಹಳ್ಳಿಯೂ ನಮ್ಮ ಲೆಮಿಂಗ್ಟನ್ನೂ ಬೇರೆ ಬೇರೆ. ಎರಡಕ್ಕೂ ಹೆಸರು ಕೊಟ್ಟದ್ದು ಮಾತ್ರ ಒಂದೇ ಲೀಮ್ ನದಿ. ಆಗ ನಮ್ಮ ಊರು ‘ಲೆಮಿಂಗ್ಟನ್ ಪ್ರಯರ್ಸ್’ ಎಂಬ ಸಣ್ಣ ಹಳ್ಳಿಯಾಗಿತ್ತು. ರಾಣಿ ವಿಕ್ಟೋರಿಯಾ ಅದಕ್ಕೆ ‘ರಾಯಲ್’ ಪಟ್ಟ ಕೊಟ್ಟದ್ದು 1838ರಲ್ಲಿ.

ಕಾಡಿನ ಲೆಕ್ಕಕ್ಕೆ ಬರೋಣ. ದಕ್ಷಿಣದ ನ್ಯೂ ಫಾರೆಸ್ಟ್‌ನಲ್ಲಿ 4,000 ಓಕ್ ಮರ ಬಿದ್ದವು ಎಂಬ ದಾಖಲೆ ಇದೆ. ಡೆಫೋ ತಾನೇ ಕೆಂಟ್ ಪ್ರಾಂತ್ಯದಲ್ಲಿ ಕುದುರೆ ಏರಿ ಬಿದ್ದ ಮರಗಳನ್ನು ಎಣಿಸುತ್ತ ಹೊರಟು, 17,000 ತಲುಪಿದ ಮೇಲೆ ಸಾಕಾಗಿ ಬಿಟ್ಟುಬಿಟ್ಟ! ನಮಗೆ ಈ ಅಂಕಿಯ ಮೇಲೆ ಒಂದು ಬಗೆಯ ನಂಬಿಕೆ. ಲಕ್ಷ, ಎರಡು ಲಕ್ಷ ಎಂದು ಬರೆದುಬಿಡುವುದು ಅವನಿಗೆ ಕಷ್ಟವಿರಲಿಲ್ಲ. ಎಣಿಸುವುದನ್ನು ಬಿಟ್ಟೆ ಎಂದು ಒಪ್ಪಿಕೊಂಡವನ ಲೆಕ್ಕ ಪೂರ್ಣವಲ್ಲದಿದ್ದರೂ ಸುಳ್ಳಾಗಿರುವ ಸಾಧ್ಯತೆ ಕಡಿಮೆ.

ಆದರೆ ಗಾಳಿಯ ಚಿತ್ರ ಕಟ್ಟಲು ಹೆಚ್ಚು ನೆರವಾದದ್ದು ಈ ರೋಚಕ ಪತ್ರಗಳಲ್ಲ, ಎಸೆಕ್ಸ್‌ನ ಅಪ್‌ಮಿನ್‌ಸ್ಟರ್‌ನಲ್ಲಿದ್ದ ವಿಲಿಯಂ ಡರ್ಹ್ಯಾಮ್ ಎಂಬ ಪಾದ್ರಿಯ ನೀರಸ ದಿನಚರಿ. ಆತ ಪ್ರತಿದಿನ ವಾಯುಭಾರ ಮಾಪಕ ನೋಡಿ ಬರೆದಿಡುತ್ತಿದ್ದ. ಬಿರುಗಾಳಿಯ ಹೊತ್ತಿನಲ್ಲಿ ಅವನ ಮಾಪಕ ಇಳಿದದ್ದು ಇಂದಿನ ಅಳತೆಯಲ್ಲಿ 973 ಮಿಲಿಬಾರ್‌ಗೆ. ಉತ್ತರದಲ್ಲಿ, ಲ್ಯಾಂಕಷೈರಿನಲ್ಲಿ, ರಿಚರ್ಡ್ ಟೌನ್ಲಿ ಎಂಬ ಇನ್ನೊಬ್ಬ ಮಹನೀಯನೂ ಇಂಥದೇ ಲೆಕ್ಕ ಇಡುತ್ತಿದ್ದ. ಒತ್ತಡ ಎಲ್ಲಿ ಎಷ್ಟಿತ್ತು, ಗಾಳಿ ಯಾವ ದಿಕ್ಕಿನಿಂದ ಬೀಸಿತು, ಯಾವ ಹೊತ್ತಿಗೆ ಯಾವ ಊರಿನಲ್ಲಿ ಜೋರಾಯಿತು, ಇವನ್ನೆಲ್ಲ ಒಂದೇ ನಕ್ಷೆಯ ಮೇಲೆ ಇಟ್ಟರೆ ಸುಳಿಯ ಕೇಂದ್ರ ತಾನಾಗಿ ಕಾಣತೊಡಗುತ್ತದೆ. ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ಇತಿಹಾಸಕಾರ ಹ್ಯೂಬರ್ಟ್ ಲ್ಯಾಂಬ್ ಹೀಗೆ ಹಳೆಯ ಬಿರುಗಾಳಿಗಳ ನಕ್ಷೆ ಬರೆದು 1991ರಲ್ಲಿ ದೊಡ್ಡ ಪುಸ್ತಕವನ್ನೇ ಹೊರತಂದರು. 1703ರ ಸುಳಿಯ ಕೇಂದ್ರ ಮಿಡ್‌ಲ್ಯಾಂಡ್ಸ್ ಮೇಲೆಯೇ ಹಾದುಹೋಯಿತು, ಅಲ್ಲಿ ಒತ್ತಡ 950 ಮಿಲಿಬಾರ್‌ವರೆಗೂ ಇಳಿದಿರಬಹುದು ಎಂಬ ಅಂದಾಜು ಇದೆ. ಕೇಂದ್ರ ನಮ್ಮ ಮೇಲೆ ಇದ್ದರೂ ಅತಿ ಹೆಚ್ಚು ಹಾನಿ ಆದದ್ದು ನಮ್ಮ ದಕ್ಷಿಣಕ್ಕೆ. ಭೂಗೋಳದ ಈ ಭಾಗದಲ್ಲಿ ಸುಳಿ ಎಡಕ್ಕೆ ತಿರುಗುತ್ತ ಪೂರ್ವಕ್ಕೆ ಓಡುತ್ತದೆ. ಅದರ ದಕ್ಷಿಣದ ಅಂಚಿನಲ್ಲಿ ತಿರುಗುವ ವೇಗಕ್ಕೆ ಓಡುವ ವೇಗವೂ ಸೇರಿಕೊಳ್ಳುತ್ತದೆ.

ಬಿದ್ದ ಮರವನ್ನು ಓದುವುದು

ಕಾಗದ ಇಲ್ಲದ ಕಡೆ ಮರವೇ ದಾಖಲೆ. ಗಾಳಿಗೆ ಮರ ಎರಡು ರೀತಿ ಸೋಲುತ್ತದೆ. ಒಂದು, ಕಾಂಡ ಮಧ್ಯಕ್ಕೆ ಮುರಿಯುವುದು. ಇನ್ನೊಂದು, ಬೇರುಸಹಿತ ಬುಡಮೇಲಾಗುವುದು. ಮಣ್ಣು ಗಟ್ಟಿಯಿದ್ದು ಬೇರು ಆಳಕ್ಕೆ ಹೋಗಿದ್ದರೆ ಕಾಂಡ ಮುರಿಯುತ್ತದೆ. ಮಳೆಗೆ ನೆಂದ ಜೇಡಿಮಣ್ಣಾದರೆ ಮರ ಇಡಿಯಾಗಿ ಮಗುಚಿಕೊಳ್ಳುತ್ತದೆ. ಮಗುಚಿದಾಗ ಬೇರಿನ ಗಡ್ಡೆ ಮಣ್ಣನ್ನು ತಬ್ಬಿಕೊಂಡೇ ಮೇಲೇಳುತ್ತದೆ. ಗಾಳಿ ಬಂದ ಕಡೆ ಗುಂಡಿ ಉಳಿಯುತ್ತದೆ. ವರ್ಷಗಳು ಕಳೆದು ಬೇರು ಕೊಳೆತಾಗ ಅದರ ಮಣ್ಣು ಕೆಳಗೆ ಸುರಿದು, ಮರ ಬಿದ್ದ ಕಡೆ ಒಂದು ಸಣ್ಣ ದಿಬ್ಬ ಆಗುತ್ತದೆ. ಮರ ಪೂರ್ತಿ ಮಣ್ಣಾದ ಮೇಲೂ ಈ ಗುಂಡಿ-ದಿಬ್ಬದ ಜೋಡಿ ನೂರಾರು ವರ್ಷ ಉಳಿಯಬಲ್ಲದು. ಗುಂಡಿಯಿಂದ ದಿಬ್ಬದ ಕಡೆಗೆ ಒಂದು ಗೆರೆ ಎಳೆಯಿರಿ. ಅದು ಗಾಳಿ ಬೀಸಿದ ದಿಕ್ಕು! ಒಂದೇ ಕಾಡಿನಲ್ಲಿ ಹತ್ತಾರು ಜೋಡಿಗಳು ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಅವೆಲ್ಲ ಒಂದೇ ರಾತ್ರಿ ಬಿದ್ದಿರುವ ಸಂಭವ ಹೆಚ್ಚು.

ಯಾವ ವರ್ಷ ಎಂದು ತಿಳಿಯುವುದಕ್ಕೆ ಬಿದ್ದ ಮರಕ್ಕಿಂತ ಉಳಿದ ಮರವನ್ನು ಕೇಳಬೇಕು. ನೆರೆಯ ದೊಡ್ಡ ಮರ ಬಿದ್ದಾಗ ನೆರಳಲ್ಲಿ ನರಳುತ್ತಿದ್ದ ಮರಕ್ಕೆ ಇದ್ದಕ್ಕಿದ್ದಂತೆ ಬೆಳಕು ಸಿಗುತ್ತದೆ. ಮರುವರ್ಷದಿಂದ ಅದರ ಕಾಂಡದ ವಾರ್ಷಿಕ ಉಂಗುರಗಳು ಅಗಲವಾಗುತ್ತವೆ. ಗಾಳಿಗೆ ಅರ್ಧ ವಾಲಿ ಬದುಕಿಕೊಂಡ ಮರವಂತೂ ನೆಟ್ಟಗಾಗಲು ಹೆಣಗುತ್ತ ಒಂದು ಬದಿಗೆ ಮಾತ್ರ ವಿಶೇಷ ಕಟ್ಟಿಗೆ ಬೆಳೆಸುತ್ತದೆ. ಪೆನ್ಸಿಲ್‌ನಷ್ಟು ದಪ್ಪದ ಕೊರೆತ ತೆಗೆದು ಉಂಗುರ ಎಣಿಸಿದರೆ ಅದು ಶುರುವಾದ ವರ್ಷ ಸಿಗುತ್ತದೆ.

ಇನ್ನು ವೇಗ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 40 ಮೈಲಿ ಗಾಳಿ 80 ಮೈಲಿಯಾದರೆ ಮರದ ಮೇಲಿನ ಹೊಡೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬ್ರಿಟನ್ನಿನ ಅರಣ್ಯ ಸಂಶೋಧಕರು ಮರಗಳಿಗೆ ಉಕ್ಕಿನ ಹಗ್ಗ ಕಟ್ಟಿ, ರಾಟೆ ಯಂತ್ರದಿಂದ ಎಳೆದು ಉರುಳಿಸಿ, ಯಾವ ಜಾತಿ, ಯಾವ ಎತ್ತರ, ಯಾವ ಮಣ್ಣಿಗೆ ಎಷ್ಟು ಬಲ ಬೇಕು ಎಂದು ಅಳೆದಿದ್ದಾರೆ. ಆ ಅಳತೆಗಳ ಮೇಲೆ ‘ಫಾರೆಸ್ಟ್‌ಗೇಲ್ಸ್’ ಎಂಬ ಗಣಕ ಮಾದರಿ ನಿಂತಿದೆ. ಹಿಂದೆ ಬಿದ್ದ ಕಾಡಿನ ವಿವರ ಗೊತ್ತಿದ್ದರೆ ಅದನ್ನು ಬೀಳಿಸಲು ಕನಿಷ್ಠ ಎಷ್ಟು ವೇಗ ಬೇಕಿತ್ತು ಎಂದು ಹಿಮ್ಮುಖವಾಗಿ ಲೆಕ್ಕ ಹಾಕಬಹುದು.

ಎಣಿಕೆ ನಂಬಬೇಡಿ: 1976, 1987, 1990

ಹಾಗಾದರೆ ಹೆಚ್ಚು ಮರ ಬಿದ್ದ ಗಾಳಿಯೇ ಹೆಚ್ಚು ಜೋರಿನದೇ? ಇಲ್ಲೇ ಎಚ್ಚರ ಬೇಕು.

1987ರ ಅಕ್ಟೋಬರ್ 15-16ರ ರಾತ್ರಿ ಆಗ್ನೇಯ ಇಂಗ್ಲೆಂಡಿನಲ್ಲಿ ಒಂದೂವರೆ ಕೋಟಿ ಮರ ಬಿದ್ದವು ಎಂದು ಅಂದಾಜು. ಬ್ರಿಟನ್ನಿನಲ್ಲಿ 18 ಜನ ಸತ್ತರು. 1990ರ ಜನವರಿ 25ರ ಬಿರುಗಾಳಿ (ಕವಿ ರಾಬರ್ಟ್ ಬರ್ನ್ಸ್ ಜನ್ಮದಿನ, ಅದಕ್ಕೇ ‘ಬರ್ನ್ಸ್ ಡೇ’ ಬಿರುಗಾಳಿ) ನಮ್ಮ ಮಿಡ್‌ಲ್ಯಾಂಡ್ಸ್ ಸೇರಿದಂತೆ ಬಹಳ ದೊಡ್ಡ ಪ್ರದೇಶವನ್ನು ಹೊಡೆಯಿತು. ಬಿದ್ದ ಮರ ಸುಮಾರು 30 ಲಕ್ಷ ಮಾತ್ರ. ಸತ್ತವರು 47 ಜನ. ಮರ ಐದನೇ ಒಂದು ಭಾಗ, ಸಾವು ಎರಡೂವರೆ ಪಟ್ಟು! ಇದರಲ್ಲಿ ಮಾಯಮಂತ್ರವೇನಿಲ್ಲ. ಅಕ್ಟೋಬರದಲ್ಲಿ ಮರಗಳ ತುಂಬ ಎಲೆ ಇತ್ತು, ಹಡಗಿನ ಹಾಯಿಯಂತೆ ಗಾಳಿ ಹಿಡಿದವು. ನೆಲ ಮಳೆಗೆ ನೆಂದು ಮೆತ್ತಗಾಗಿತ್ತು. ಆದರೆ ನಡುರಾತ್ರಿ, ಜನ ಮನೆಯೊಳಗೆ ಮಲಗಿದ್ದರು. ಜನವರಿಯಲ್ಲಿ ಮರಗಳು ಬೋಳು. ಗಾಳಿ ಬೀಸಿದ್ದು ಮಾತ್ರ ಹಾಡಹಗಲು, ಶಾಲೆ ಕಚೇರಿ ರಸ್ತೆಗಳಲ್ಲಿ ಜನ ಓಡಾಡುವ ಹೊತ್ತು. ಮರದ ಎಣಿಕೆಯಾಗಲಿ ಸಾವಿನ ಎಣಿಕೆಯಾಗಲಿ, ಋತು, ಮಣ್ಣು, ಗಡಿಯಾರ ಮೂರನ್ನೂ ಕೇಳದೆ ಗಾಳಿಯ ಅಳತೆ ಆಗುವುದಿಲ್ಲ.

ನಮ್ಮ ಭಾಗಕ್ಕೆ ಇನ್ನೂ ಹತ್ತಿರದ್ದು 1976ರ ಜನವರಿ 2ರ ಶುಕ್ರವಾರ ಸಂಜೆಯದು. ಐರ್ಲೆಂಡ್ ದಾಟಿ ಬಂದ ಆ ಗಾಳಿ ಉತ್ತರ ಇಂಗ್ಲೆಂಡ್, ಮಿಡ್‌ಲ್ಯಾಂಡ್ಸ್ ಮೂಲಕ ಪೂರ್ವ ಕರಾವಳಿಗೆ ಉಜ್ಜಿಕೊಂಡು ಹೋಯಿತು. ಪೀಟರ್‌ಬರೋ ಹತ್ತಿರದ ವಿಟರಿಂಗ್ ವಾಯುನೆಲೆಯಲ್ಲಿ ಗಂಟೆಗೆ 105 ಮೈಲಿ ದಾಖಲಾಯಿತು. ಸಮುದ್ರದಿಂದ ದೂರ, ಒಳನಾಡಿನ ಬಯಲಿನಲ್ಲಿ! ಬ್ರಿಟನ್ನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮರುದಿನ ಅದೇ ಗಾಳಿ ಉತ್ತರ ಸಮುದ್ರದ ನೀರನ್ನು ತಳ್ಳಿಕೊಂಡು ಹೋಗಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿಸಿತು.

ವಾರ್ವಿಕ್‌ಷೈರಿನಲ್ಲಿ ಈ 1976ರ ಹಾನಿಯನ್ನು ಲೆಕ್ಕ ಹಾಕುವವರಿಗೆ ಒಂದು ದೊಡ್ಡ ತೊಡಕು ಇದೆ. ಅದರ ಹೆಸರು ಎಲ್ಮ್ ಮರ. ಈ ಜಿಲ್ಲೆಯ ಬೇಲಿಸಾಲುಗಳಲ್ಲಿ ಅದು ಎಷ್ಟು ಬೆಳೆಯುತ್ತಿತ್ತೆಂದರೆ ಅದಕ್ಕೆ ‘ವಾರ್ವಿಕ್‌ಷೈರಿನ ಕಳೆ’ ಎಂದೇ ಅಡ್ಡಹೆಸರು. 1960ರ ದಶಕದಲ್ಲಿ ಉತ್ತರ ಅಮೆರಿಕದ ದಿಮ್ಮಿಗಳ ಜೊತೆ ಬಂದ ಉಗ್ರ ಬಗೆಯ ಎಲ್ಮ್ ರೋಗ ಬ್ರಿಟನ್ನಿನಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಮರಗಳನ್ನು ಕೊಂದಿತು. 1976ರ ಹೊತ್ತಿಗೆ ರೋಗ ಭರದಲ್ಲಿತ್ತು. ಒಣಗಿ ನಿಂತಿದ್ದ ಎಲ್ಮ್ ಆ ರಾತ್ರಿ ಬಿದ್ದರೆ ಅದನ್ನು ಗಾಳಿಯ ಲೆಕ್ಕಕ್ಕೆ ಬರೆಯಬೇಕೋ ರೋಗದ ಲೆಕ್ಕಕ್ಕೋ? ನಮ್ಮ ಮಲೆನಾಡು, ಕರಾವಳಿ ಕಡೆಯ ಸದಸ್ಯರಿಗೆ ಇದು ಹೊಸದಲ್ಲ. ತೋಟದ ನೈಋತ್ಯ ಅಂಚಿನ ಅಡಿಕೆ ಮರಕ್ಕೆ ಮಧ್ಯಾಹ್ನದ ಬಿಸಿಲು ತಾಗಿ ಕಾಂಡ ಸೀಳುತ್ತದೆ. ಎರಡು ಮೂರು ವರ್ಷ ನಿಂತೇ ಇರುತ್ತದೆ. ಆಷಾಢದ ಗಾಳಿಗೆ ಒಂದು ದಿನ ಅದೇ ಜಾಗದಲ್ಲಿ ಪಟ್ಟನೆ ಮುರಿಯುತ್ತದೆ. ಗಾಳಿಗೆ ಹೋಯಿತು ಎಂದು ನೆರೆಯವರು ಹೇಳುತ್ತಾರೆ. ತೋಟದ ಯಜಮಾನನಿಗೆ ಮಾತ್ರ ಗೊತ್ತು, ಅದು ಬಿಸಿಲಿಗೇ ಹೋಗಿತ್ತು ಎಂದು. ಅದಕ್ಕೇ ಅಲ್ಲವೇ ಕಾಂಡಕ್ಕೆ ಸೋಗೆ ಕಟ್ಟುವುದು, ಸುಣ್ಣ ಬಳಿಯುವುದು?

ಬರ್ಮಿಂಗ್‌ಹ್ಯಾಮಿನ ಸುಂಟರಗಾಳಿ

ಬಿರುಗಾಳಿ ಬೇರೆ, ಸುಂಟರಗಾಳಿ ಬೇರೆ. 2005ರ ಜುಲೈ 28ರ ಮಧ್ಯಾಹ್ನ ಬರ್ಮಿಂಗ್‌ಹ್ಯಾಮಿನ ಕಿಂಗ್ಸ್ ಹೀತ್, ಮೋಸ್ಲಿ, ಬಾಲ್ಸಲ್ ಹೀತ್, ಸ್ಪಾರ್ಕ್‌ಬ್ರೂಕ್ ಬಡಾವಣೆಗಳ ಮೇಲೆ ಎದ್ದದ್ದು ಸುಂಟರಗಾಳಿ. ಲೇಡಿಪೂಲ್ ರೋಡಿಗೆ ಬಾಲ್ಟಿ ಊಟಕ್ಕೆ ಹೋಗುವವರಿಗೆ ಆ ಜಾಗ ಚೆನ್ನಾಗಿ ಗೊತ್ತು. ಕೆಲವೇ ನಿಮಿಷಗಳಲ್ಲಿ ಸುಮಾರು ಸಾವಿರ ಮರ ಬಿದ್ದವು, 19 ಜನಕ್ಕೆ ಗಾಯವಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಬಿರುಗಾಳಿಯಲ್ಲಿ ಮರಗಳು ಬಾಚಿದ ಕೂದಲಿನಂತೆ ಒಂದೇ ಕಡೆಗೆ ಬೀಳುತ್ತವೆ. ಸುಂಟರಗಾಳಿಯ ದಾರಿಯಲ್ಲಾದರೆ ಎರಡೂ ಬದಿಯ ಮರಗಳು ಮಧ್ಯದ ಗೆರೆಯತ್ತ ತಲೆ ಹಾಕಿ ಬಿದ್ದಿರುತ್ತವೆ. ಈ ಗುರುತು ನೋಡಿಯೇ ತಜ್ಞರು ಯಾವುದು ಯಾವುದೆಂದು ತೀರ್ಮಾನಿಸುವುದು. 1974ರಲ್ಲಿ ಟೆರೆನ್ಸ್ ಮೀಡನ್ ಸ್ಥಾಪಿಸಿದ ‘ಟೊರೊ’ ಸಂಸ್ಥೆ ಬ್ರಿಟನ್ನಿನಲ್ಲಿ ಇದನ್ನೇ ಮಾಡುತ್ತ ಬಂದಿದೆ.

ಶೆಫೀಲ್ಡ್, ಲೀಡ್ಸ್ ಕಡೆಯ ಸದಸ್ಯರಿಗೂ ಒಂದು ಮಾತು. 1962ರ ಫೆಬ್ರವರಿ 16ರಂದು ಶೆಫೀಲ್ಡಿನ ಮೂರರಲ್ಲಿ ಎರಡು ಭಾಗದಷ್ಟು ಮನೆಗಳು ಹಾನಿಗೊಂಡಾಗ ಸುತ್ತಲ ಊರುಗಳಲ್ಲಿ ಅಂಥ ಗಾಳಿಯೇ ಇರಲಿಲ್ಲ. ಪೆನ್ನೈನ್ ಬೆಟ್ಟ ಹತ್ತಿ ಇಳಿದ ಗಾಳಿ ಅಲೆಯಂತೆ ಕುಣಿದು ಸರಿಯಾಗಿ ಆ ಊರಿನ ಮೇಲೆ ಬಂದು ಅಪ್ಪಳಿಸಿತ್ತು. ಒಂದೇ ಊರಿನ ದಾಖಲೆ ಹಿಡಿದು ಇಡೀ ದೇಶದ ಗಾಳಿ ಹೇಳಹೊರಟರೆ ಹೇಗೆ ಮೋಸ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

1903ರ ಗಾಳಿಯನ್ನು ಮತ್ತೆ ಬೀಸಿಸಿದವರು

ಈಗ ಗಣಕಯಂತ್ರದ ಕಾಲ. 1903ರ ಫೆಬ್ರವರಿ 26-27ರಂದು ಐರ್ಲೆಂಡ್ ಮತ್ತು ಉತ್ತರ ಇಂಗ್ಲೆಂಡನ್ನು ಒಂದು ಬಿರುಗಾಳಿ ಹೊಡೆಯಿತು. ಡಬ್ಲಿನ್ನಿನ ಫೀನಿಕ್ಸ್ ಪಾರ್ಕ್‌ನಲ್ಲಿ ಸುಮಾರು 3,000 ಮರ ಉರುಳಿದವು. ಅಲ್ವರ್‌ಸ್ಟನ್ ಹತ್ತಿರ ಲೆವೆನ್ ನದೀಮುಖದ ಸೇತುವೆಯ ಮೇಲೆ ರೈಲಿನ ಡಬ್ಬಿಗಳೇ ಮಗುಚಿದವು. ಜೇಮ್ಸ್ ಜಾಯ್ಸ್ ತನ್ನ ‘ಯುಲಿಸಿಸ್’ ಕಾದಂಬರಿಯಲ್ಲಿ ಇದನ್ನು ನೆನೆದದ್ದರಿಂದ ‘ಯುಲಿಸಿಸ್ ಬಿರುಗಾಳಿ’ ಎಂದೇ ಹೆಸರಾಯಿತು.

ಅಮೆರಿಕದ ವಿಜ್ಞಾನಿಗಳು ಹತ್ತೊಂಬತ್ತನೇ ಶತಮಾನದಿಂದ ಈಚಿನ ಹವೆಯನ್ನು ಗಣಕದಲ್ಲಿ ಮರುಸೃಷ್ಟಿಸಿದ್ದಾರೆ. ಮುಖ್ಯವಾಗಿ ನೆಲಮಟ್ಟದ ವಾಯುಭಾರದ ಅಂಕಿಗಳನ್ನು ಕೊಟ್ಟು ಪ್ರತಿ ದಿನದ ಹವೆಯನ್ನು ಒಂದಲ್ಲ, 80 ರೀತಿ ಕಟ್ಟಿ ನೋಡುತ್ತಾರೆ. ಎಂಬತ್ತೂ ಒಂದೇ ಮಾತು ಹೇಳಿದರೆ ನಂಬಬಹುದು, ಚದುರಿದರೆ ಅನುಮಾನ. ಅಂಕಿಗಳು ಕಡಿಮೆಯಿದ್ದಾಗ 1903ರ ಗಾಳಿ ಆ ಮಾದರಿಯಲ್ಲಿ ಮಂಕಾಗಿ ಮೂಡಿತ್ತು. ರೆಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ ಮತ್ತು ಸಂಗಡಿಗರು ಬ್ರಿಟಿಷ್ ಹವಾಮಾನ ಇಲಾಖೆಯ ಹಳೆಯ ದೈನಂದಿನ ವರದಿಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟು, ಸಾಮಾನ್ಯ ಜನರಿಂದ ಅಂಕಿಗಳನ್ನು ಟೈಪ್ ಮಾಡಿಸಿದರು. ಆ ಅಂಕಿಗಳನ್ನು ಸೇರಿಸಿ ಮತ್ತೆ ಓಡಿಸಿದಾಗ ಗಾಳಿ ಎದ್ದು ನಿಂತಿತು! ಕೆಲವು ಕಡೆ ಇತ್ತೀಚಿನ ದಶಕಗಳಲ್ಲಿ ಕಂಡ ಯಾವ ಗಾಳಿಗಿಂತಲೂ ಜೋರಾಗಿತ್ತು ಎಂದು 2023ರಲ್ಲಿ ಪ್ರಕಟವಾಯಿತು. ಮರ ಬಿದ್ದ ಜಾಗ, ರೈಲು ಮಗುಚಿದ ಜಾಗ, ಗಣಕ ತೋರಿಸಿದ ಜಾಗ ಚೆನ್ನಾಗಿ ಹೊಂದಿಕೊಂಡವು. ಇದಕ್ಕೆ ಬೇಕಾದದ್ದು ದೊಡ್ಡ ಗಣಕ ಮಾತ್ರವಲ್ಲ, ಸಂಜೆ ಅಡುಗೆ ಮುಗಿಸಿ ಹತ್ತು ನಿಮಿಷ ಕೂತು ಅಂಕಿ ಟೈಪ್ ಮಾಡುವ ಜನ. ಇಂಥ ಯೋಜನೆ ಮತ್ತೆ ಬಂದಾಗ ನಮ್ಮ ಕೂಟದವರೂ ಕೈಜೋಡಿಸಬಹುದು. ಬೇಕಾದದ್ದು ತಾಳ್ಮೆ ಅಷ್ಟೇ.

ನೀವು ಕಾಡಿಗೆ ಹೋದಾಗ

ಕೆನಿಲ್‌ವರ್ತ್‌ನ ಕ್ರ್ಯಾಕ್ಲಿ ವುಡ್, ಕವೆಂಟ್ರಿ ಕಡೆಯ ರೈಟನ್ ವುಡ್ ಮುಂತಾದ ಹಳೆಯ ಕಾಡುಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಗುಂಡಿ-ದಿಬ್ಬ ಹುಡುಕಿ ನೋಡಿ. ಆದರೆ ಕಂಡ ಗುಂಡಿಯೆಲ್ಲ ಬಿರುಗಾಳಿಯದಲ್ಲ. ಮರ ಕೊಯ್ಯುವ ಗುಂಡಿ, ಇದ್ದಿಲು ಸುಟ್ಟ ಜಾಗ, ಹೊಲಕ್ಕೆ ಹಾಕಲು ಸುಣ್ಣಮಣ್ಣು ತೆಗೆದ ಹೊಂಡ ಈ ಸೀಮೆಯಲ್ಲಿ ಸಿಗುತ್ತವೆ. ಒಂದೇ ಬದಿಗೆ ದಿಬ್ಬ ಇದ್ದು, ಅಕ್ಕಪಕ್ಕದ ಗುಂಡಿಗಳೂ ಅದೇ ದಿಕ್ಕಿಗಿದ್ದರೆ ಮಾತ್ರ ಗಾಳಿಯ ಮೇಲೆ ಅನುಮಾನ ಪಡಿ.

ಹೊಸದಾಗಿ ಬಿದ್ದ ಮರ ಕಂಡರೆ ಫೋಟೋ ತೆಗೆದು, ದಿನಾಂಕ, ಜಾಗ, ತುದಿ ಯಾವ ದಿಕ್ಕಿಗೆ ಬಿದ್ದಿದೆ, ಮುರಿದಿದೆಯೋ ಬುಡಮೇಲಾಗಿದೆಯೋ, ಇಷ್ಟನ್ನು ಬರೆದಿಡಿ. ಗರಗಸ ಬಂದು ಹೋದ ಮೇಲೆ ಇವೆಲ್ಲ ಸಿಗುವುದಿಲ್ಲ. ಗಾಳಿ ಪೂರ್ತಿ ನಿಂತ ಮೇಲೆ ಮಾತ್ರ ಹೋಗಿ. ಅರ್ಧ ವಾಲಿ ಇನ್ನೊಂದು ಮರಕ್ಕೆ ಒರಗಿದ ಮರದ ಕೆಳಗೆ, ಎದ್ದು ನಿಂತ ಬೇರಿನ ಗಡ್ಡೆಯ ಹಿಂದಿನ ಗುಂಡಿಯಲ್ಲಿ ಮಕ್ಕಳನ್ನು ಖಂಡಿತ ಬಿಡಬೇಡಿ. ಕಾಂಡ ಕತ್ತರಿಸಿದಾಗ ಆ ಗಡ್ಡೆ ಇದ್ದಕ್ಕಿದ್ದಂತೆ ಹಿಂದಕ್ಕೆ ಕೂತುಬಿಡುತ್ತದೆ.

ಬಿದ್ದದ್ದನ್ನೆಲ್ಲ ತಕ್ಷಣ ಸ್ವಚ್ಛ ಮಾಡುವುದೂ ಒಳ್ಳೆಯದಲ್ಲ ಎಂದು 1987ರ ನಂತರ ಇಲ್ಲಿನವರು ಕಲಿತರು. ಕೆಂಟ್‌ನ ಟಾಯ್ಸ್ ಹಿಲ್‌ನಲ್ಲಿ ಒಂದು ಭಾಗವನ್ನು ಬಿದ್ದ ಹಾಗೆಯೇ ಬಿಟ್ಟರು. ಅಲ್ಲಿ ಕಾಡು ತಾನಾಗಿ ಎದ್ದಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 700 ಮರ ಹೋದವು. ಅಲ್ಲಿನ ‘ಟರ್ನರ್ಸ್ ಓಕ್’ ಎಂಬ ಸೊರಗಿದ್ದ ಮುದಿ ಮರವನ್ನು ಗಾಳಿ ಬೇರುಸಹಿತ ಎತ್ತಿ ಮತ್ತೆ ಅದೇ ಗುಂಡಿಯಲ್ಲಿ ಕೂರಿಸಿತ್ತು. ಸಾಯುತ್ತದೆಂದು ಊರೆಗೋಲು ಕೊಟ್ಟು ಬಿಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಅದು ಹಿಂದೆಂದಿಗಿಂತ ಚೆನ್ನಾಗಿ ಚಿಗುರಿತು. ಜನರ ಓಡಾಟಕ್ಕೆ ಗಟ್ಟಿಯಾಗಿದ್ದ ಮಣ್ಣನ್ನು ಗಾಳಿಯೇ ಸಡಿಲಿಸಿತ್ತು! ಅಂದಿನಿಂದ ಕ್ಯೂ ತೋಟಗಾರರು ಹಳೆಯ ಮರಗಳ ಬುಡದ ಮಣ್ಣಿಗೆ ಗಾಳಿ ಊದಿ ಸಡಿಲಿಸುತ್ತಾರೆ.

ನಮ್ಮ ಲೆಮಿಂಗ್ಟನ್ ಪಕ್ಕದ ಕಬಿಂಗ್ಟನ್‌ನಲ್ಲೂ ಒಂದು ಕಾಡು ಪೇರ್ ಮರವಿತ್ತು. ಸುಮಾರು 250 ವರ್ಷದ್ದು, 2015ರಲ್ಲಿ ಇಂಗ್ಲೆಂಡಿನ ‘ವರ್ಷದ ಮರ’ ಎಂದು ಜನ ಮತ ಹಾಕಿ ಆರಿಸಿದ್ದರು. 1976, 1990ರ ಗಾಳಿಗಳನ್ನೆಲ್ಲ ಕಂಡು ನಿಂತಿದ್ದ ಅದನ್ನು 2020ರ ಅಕ್ಟೋಬರದಲ್ಲಿ ಎಚ್ಎಸ್2 ರೈಲು ಮಾರ್ಗಕ್ಕಾಗಿ ಕಡಿದರು. ಕಡಿಯುವ ಮೊದಲು ಅದರ ಕಡ್ಡಿಗಳನ್ನು ತೆಗೆದು ಹೊಸ ಗಿಡಗಳನ್ನು ಬೆಳೆಸಿದ್ದಾರೆ.